ಡಿಕ್ಕಿಯಲ್ಲಿ ಬಾಕ್ಸಕ್ಕ

ಕಾರಿನಲ್ಲಿ ದಪ್ಪ ದನಿ ಹೊರಡಿಸುವ ಸಬ್‌ವೂಫರಿಗೆ ಮರದ ಬಾಕ್ಸು ಮಾಡುವವರು ಆ ಊರಲ್ಲಿ ಇನ್ನೂ ಮೂರು ನಾಲ್ಕು ಜನ ಇದ್ದರು. ಆದರೆ ಒಮ್ಮೆ ಕೂರಿಸಿದ ಮೇಲೆ ಗಡಗಡ ಅನ್ನಬಾರದು, ಮೂಲೆಯಲ್ಲಿ ಗಾಳಿ ಸೋರಬಾರದು ಅನ್ನುವವರು ಹುಡುಕಿಕೊಂಡು ಬರುತ್ತಿದ್ದದ್ದು ಅವಳ ಅಂಗಡಿಗೇ. ಮರಗೆಲಸ ಅವಳಿಗೆ ಅಪ್ಪನ ಕೈಯಿಂದ ಬಂದದ್ದು. ವೈರಿಂಗು ಗಂಡನ ಪಾಲಿನದು. ಗಿರಾಕಿಗಳೆಲ್ಲ ಅವಳನ್ನು ಬಾಕ್ಸಕ್ಕ ಎಂದೇ ಕರೆಯುತ್ತಿದ್ದರು. ಗಂಡನಿಗೂ ಅದೇ ಬಾಯಿಗೆ ಬಂದುಬಿಟ್ಟಿತ್ತು, ಅದರಲ್ಲೂ ಅವಳು ಮುನಿಸಿಕೊಂಡ ದಿನ.

ಕನ್ನಡಕದಂಗಡಿಯವನು ಬಂದದ್ದು ಒಂದು ಬೆಳಗ್ಗೆ, ತನ್ನ ತಂದೆಯನ್ನು ಜೊತೆಗೆ ಕೂರಿಸಿಕೊಂಡು. ಸಾಮಾನ್ಯವಾಗಿ ಅವಳ ಹತ್ತಿರ ಬರುವವರಿಗೆ ಮೀಸೆ ಆಗ ತಾನೇ ಚಿಗುರಿರುತ್ತದೆ, ಬೀದಿಯ ಕಿಟಕಿಗಳೆಲ್ಲ ಅದುರಬೇಕು ಅನ್ನುವ ಆಸೆ ಇರುತ್ತದೆ. ಇವನಿಗೆ ನಲವತ್ತು ದಾಟಿತ್ತು, ಮಾತು ಮೆತ್ತಗೆ. ಸದ್ದು ಹೊರಗೆ ಕೇಳದಿದ್ದರೂ ಪರವಾಗಿಲ್ಲ, ಒಳಗೆ ಕೂತವರ ಬೆನ್ನಿಗೆ ತಾಕಬೇಕು ಅಂದ. ಅವಳಿಗೆ ವಿಚಿತ್ರ ಅನ್ನಿಸಿ ಯಾಕೆ ಎಂದು ಕೇಳಿದಳು.

ಅವನು ದನಿ ತಗ್ಗಿಸಿ ಹೇಳಿದ. ಅಪ್ಪ ಮೂವತ್ತೊಂದು ವರ್ಷ ಬಸ್ಸು ಓಡಿಸಿದವರು. ಎರಡು ವರ್ಷದಿಂದ ಮರೆವು. ಮಗನ ಮುಖವೇ ಒಮ್ಮೊಮ್ಮೆ ಗುರುತು ಹತ್ತುವುದಿಲ್ಲ. ಮನೆಯಲ್ಲಿ ಕೂತಲ್ಲಿ ಕೂರುವುದಿಲ್ಲ, ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ. ಕಾರಿನ ಹಿಂದಿನ ಸೀಟಲ್ಲಿ ಕೂರಿಸಿ, ಹಳೇ ಹಾಡು ಹಾಕಿ, ಅಡಿಯಿಂದ ಗುಂಯ್ ಅನ್ನುವ ದಪ್ಪ ದನಿ ಬಂದರೆ ಮಾತ್ರ ಕೈ ಎರಡನ್ನೂ ತೊಡೆಯ ಮೇಲಿಟ್ಟುಕೊಂಡು ತಣ್ಣಗಾಗುತ್ತಾರೆ. ಕಾರಿನ ಜೊತೆ ಬಂದ ಸ್ಪೀಕರುಗಳಿಗೆ ಆ ದಪ್ಪ ದನಿ ಬರುವುದಿಲ್ಲ, ಅಷ್ಟೇ.

ಅವಳು ಆ ದಿನ ಕೈಯಲ್ಲಿದ್ದ ಬೇರೆ ಕೆಲಸ ಬದಿಗಿಟ್ಟು ಅವನಿಗೆ ಬಿಡಿಸಿ ಹೇಳಿದಳು. ನಾಲ್ಕೂ ಕಡೆ ಮುಚ್ಚಿದ ಬಾಕ್ಸಾದರೆ ಚಿಕ್ಕದಾಗಿ ಮುಗಿಯುತ್ತದೆ, ಏಟು ಚುರುಕಾಗಿ ಕೇಳುತ್ತದೆ, ಆದರೆ ತೀರ ಕೆಳಗಿನ ದನಿ ಬೇಗ ಸೊರಗುತ್ತದೆ. ಒಂದು ಬದಿಗೆ ಗಾಳಿಕಿಂಡಿ ಬಿಟ್ಟ ಬಾಕ್ಸಾದರೆ ಆ ಕೆಳದನಿ ನೆಲದಿಂದ ಎದ್ದು ಬಂದ ಹಾಗೆ ಬರುತ್ತದೆ, ಆದರೆ ಅರ್ಧ ಡಿಕ್ಕಿ ನುಂಗಿಬಿಡುತ್ತದೆ. ಕಿಂಡಿಯ ಉದ್ದ ಒಂದು ಬೆರಳು ತಪ್ಪಿದರೂ ಸ್ವರ ಕೆಡುತ್ತದೆ. ಅವನು ಯೋಚಿಸಿದ. ಅಪ್ಪನ ಮಡಚುವ ಕುರ್ಚಿ, ಬಟ್ಟೆಯ ಚೀಲ ಎರಡಕ್ಕೂ ಡಿಕ್ಕಿಯಲ್ಲಿ ಜಾಗ ಬೇಕಿತ್ತು. ಕೊನೆಗೆ ಹಿಂಬದಿ ಸೀಟಿಗೆ ಒರಗಿಕೊಂಡು ನಿಲ್ಲುವ, ಉದ್ದಕ್ಕೆ ತೆಳ್ಳಗಿರುವ ಕಿಂಡಿಬಾಕ್ಸು ಎಂದು ಇಬ್ಬರೂ ಒಪ್ಪಿದರು. ತಂದೆ ಅಷ್ಟು ಹೊತ್ತೂ ಅಂಗಡಿ ಮುಂದಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ರಸ್ತೆಯಲ್ಲಿ ಹೋಗುವ ಗಾಡಿಗಳನ್ನು ಒಂದೊಂದಾಗಿ ಕಣ್ಣಿನಿಂದ ಬೀಳ್ಕೊಡುತ್ತಿದ್ದರು.

ನಾಲ್ಕು ದಿನ ಬಿಟ್ಟು ಬಾಕ್ಸು ಸಿದ್ಧವಾಯಿತು. ಸ್ಪೀಕರು ಇನ್ನೂ ಕೂರಿಸಿರಲಿಲ್ಲ, ಮೈಗೆ ಅಂಟಿಸಿದ ಬೂದು ಕಾರ್ಪೆಟ್ಟಿನ ಗೋಂದು ಇನ್ನೂ ಘಮ್ಮೆನ್ನುತ್ತಿತ್ತು. ಕನ್ನಡಕದವನು ಕಾರು ತಂದ, ತಂದೆಯನ್ನು ಕರೆತಂದ. ಗಂಡ ಮುಂದಿನ ಬ್ಯಾಟರಿಯಿಂದ ಡಿಕ್ಕಿಯವರೆಗೆ ದಪ್ಪ ತಂತಿ ಎಳೆದ, ಹಿಂದಿನ ಗಾಜಿನ ಕೆಳಗಿನ ಹಲಗೆಯಲ್ಲಿದ್ದ ಎರಡು ಹಳೇ ಸ್ಪೀಕರುಗಳನ್ನು ಬಿಚ್ಚಿ ತೆಗೆದ. ಮುಂದಿನ ಸ್ಪೀಕರುಗಳನ್ನು ಪರೀಕ್ಷೆ ಮಾಡಲು ಬಾಕ್ಸಕ್ಕನ ಫೋನನ್ನು ಸ್ಟೀರಿಯೋಗೆ ಚುಚ್ಚಿ ಒಂದು ಹಾಡು ಹಾಕಿಟ್ಟ. ಅದಕ್ಕಾಗಿ ಕೀಲಿ ಅರ್ಧ ತಿರುಗಿ ಅಲ್ಲೇ ನೇತಾಡುತ್ತಿತ್ತು.

ಬಾಕ್ಸು ಒಳಗೆ ಕೂತಿತು. ಡಿಕ್ಕಿ ಮುಚ್ಚಲು ಹೋದರೆ ಟಕ್ ಅಂದಿತು.

ಆ ಕಾರಿನ ಡಿಕ್ಕಿ ಬಾಗಿಲನ್ನು ಹಿಡಿದಿರುವುದು ಎರಡು ಬಾಗಿದ ಕಬ್ಬಿಣದ ತೋಳುಗಳು. ಬಾಗಿಲು ಮುಚ್ಚುವಾಗ ಅವು ಒಳಗೆ ಇಳಿಯುತ್ತವೆ. ಬಲಗಡೆಯ ತೋಳು ಬಾಕ್ಸಿನ ಮೂಲೆಗೆ ತಾಗುತ್ತಿತ್ತು. ಎಲ್ಲಿ ತಾಗುತ್ತದೆ ಅನ್ನುವುದು ಬಾಗಿಲು ಮುಚ್ಚಿದ ಮೇಲೆ ಒಳಗಿದ್ದು ನೋಡಿದರೆ ಮಾತ್ರ ಗೊತ್ತಾಗುವಂಥದ್ದು. ಇಂಥ ಕೆಲಸಕ್ಕೆ ಯಾವಾಗಲೂ ಗಂಡನೇ ಒಳಗೆ ಇಳಿಯುತ್ತಿದ್ದ. ಅವಳಿಗೆ ಇಕ್ಕಟ್ಟಿನ ಜಾಗ ಎಂದರೆ ಆಗದು. ಬಚ್ಚಲ ಅಗುಳಿ ಹಾಕಲಿಕ್ಕೂ ಹಿಂದೆಮುಂದೆ ನೋಡುವವಳು. ಆದರೆ ಆ ವಾರ ಗಂಡನ ಸೊಂಟ ಹಿಡಿದುಕೊಂಡಿತ್ತು. ಬಗ್ಗಿದರೆ ಏಳುವುದು ಕಷ್ಟ. ಅರ್ಧ ನಿಮಿಷದ ಕೆಲಸ ತಾನೇ ಎಂದುಕೊಂಡು ಅವಳು ಟಾರ್ಚು ಹಿಡಿದು, ಮಂಡಿಯನ್ನು ಎದೆಗೆ ಎಳೆದುಕೊಂಡು ಬಾಕ್ಸಿನ ಪಕ್ಕ ಮಲಗಿದಳು. ಬಾಗಿಲು ಪೂರ್ತಿ ಇಳಿಯಲೆಂದು ಬಾಕ್ಸನ್ನು ಎರಡು ಬೆರಳು ಓರೆ ಮಾಡಿ ಒತ್ತಿ ಹಿಡಿದಳು. ಗಂಡ ಬಾಗಿಲು ಮುಚ್ಚಿದ.

ಟಾರ್ಚಿನ ಬೆಳಕಲ್ಲಿ ತೋಳು ತಾಗುವ ಜಾಗ ಚೆನ್ನಾಗಿ ಕಂಡಿತು. ಗುರುತು ಮಾಡೋಣ ಎಂದರೆ ಕಿವಿಯ ಮೇಲಿದ್ದ ಪೆನ್ಸಿಲ್ಲು ಒಳಗೆ ಇಳಿಯುವಾಗ ಎಲ್ಲೋ ಬಿದ್ದಿತ್ತು. ಪೆನ್ಸಿಲ್ಲು ತಗೊಂಡು ಬಾ ಎಂದು ಕೂಗಿದಳು. ಗಂಡ ಹೂಂ ಅಂದದ್ದು ಕೇಳಿಸಿತು. ಅವನು ಹತ್ತು ಹೆಜ್ಜೆ ಅಂಗಡಿಯ ಒಳಗೆ ಹೋದ. ಕನ್ನಡಕದವನು ಆಗಲೇ ತಂದೆಗೆ ನೀರಿನ ಬಾಟಲಿ ತರಲು ರಸ್ತೆ ದಾಟಿದ್ದ. ಆ ಹತ್ತು ಹೆಜ್ಜೆಯ ಹೊತ್ತಿನಲ್ಲಿ ಆದದ್ದು ಇದು: ಮುಂದಿನ ಬಾಗಿಲು ತೆರೆದು ಮುಚ್ಚಿದ ಸದ್ದಾಯಿತು, ಕಾರು ಒಂದು ಚೂರು ಕುಗ್ಗಿತು, ಇಂಜಿನ್ನು ಎದ್ದಿತು.

ನೆರಳಿಗೆ ಸರಿಸುತ್ತಿದ್ದಾರೇನೋ ಎಂದುಕೊಂಡಳು. ಕಾರು ನೆರಳನ್ನೂ ದಾಟಿ ಹೋಯಿತು. ಗೇರು ಎರಡಕ್ಕೆ ಬಿತ್ತು, ಮೂರಕ್ಕೆ ಬಿತ್ತು. ಹಿಂದೆ ಎಲ್ಲೋ ಗಂಡ ಅವಳ ಹೆಸರು ಹಿಡಿದು ಕೂಗಿದ. ಬಾಕ್ಸಕ್ಕ ಅಂತಲ್ಲ, ಮದುವೆಯಾದ ಹೊಸದರಲ್ಲಿ ಕರೆಯುತ್ತಿದ್ದ ಹೆಸರು.

ಅವಳು ಕಿರುಚಿದಳು. ಮುಂದೆ ಅವಳದೇ ಫೋನಿನ ಹಾಡು ಜೋರಾಗಿ ಹಾಡುತ್ತಿತ್ತು, ಅವಳ ಕೂಗು ಅವಳಿಗೇ ಕೇಳಿಸುತ್ತಿರಲಿಲ್ಲ. ಡಿಕ್ಕಿಗೆ ಒಳಗಿನಿಂದ ತೆರೆಯುವ ಹಿಡಿಕೆ ಇರಲಿಲ್ಲ. ಬೀಗವನ್ನು ಬಿಚ್ಚಲು ಸ್ಕ್ರೂಡ್ರೈವರು ಬೇಕು, ಅದು ಅಂಗಡಿಯ ಮೇಜಿನ ಮೇಲಿತ್ತು. ಹಿಂದಿನ ಸೀಟು ಮಡಚುವಂಥದ್ದಲ್ಲ, ಅದರ ಬೆನ್ನಿಗೆ ತಗಡಿತ್ತು. ತಲೆಯ ಹತ್ತಿರ ಗಂಡ ಎಳೆದ ದಪ್ಪ ತಂತಿ ಇತ್ತು. ಅದನ್ನು ಕಬ್ಬಿಣಕ್ಕೆ ತಾಗಿಸಿದರೆ ಇಂಜಿನ್ನು ನಿಲ್ಲೀತೇ ಎಂದು ಒಂದು ಕ್ಷಣ ಅನ್ನಿಸಿತು. ನಿಲ್ಲುವುದಿಲ್ಲ, ಫ್ಯೂಸು ಹೋಗುತ್ತದೆ, ಫ್ಯೂಸು ಹೋಗದಿದ್ದರೆ ಬೆಂಕಿ ಹತ್ತುತ್ತದೆ. ಬೆಂಕಿ ಎಂಬ ಮಾತು ತಲೆಗೆ ಬಂದದ್ದೇ ತಡ, ಗೋಂದಿನ ವಾಸನೆ ಇಮ್ಮಡಿಯಾದಂತೆ ಮೂಗಿಗೆ ಅಡರಿತು. ಅವಳು ತಂತಿಯಿಂದ ಕೈ ಹಿಂದಕ್ಕೆ ಎಳೆದುಕೊಂಡಳು.

ಮೇಲಿನ ಹಲಗೆಯಲ್ಲಿ ಸ್ಪೀಕರು ಬಿಚ್ಚಿದ ಜಾಗದಲ್ಲಿ ಎರಡು ತೂತು ಇದ್ದವು, ಮೇಲೆ ತೆಳ್ಳನೆ ಬಟ್ಟೆ. ಉಗುರಲ್ಲಿ ಬಟ್ಟೆ ಹರಿದಳು. ಕತ್ತು ತಿರುಚಿ ಕಣ್ಣಿಟ್ಟರೆ ಚಾಲಕನ ಹಿಂದಲೆ ಕಂಡಿತು. ಬಿಳಿ ಕೂದಲು, ಒತ್ತಾಗಿ ಕತ್ತರಿಸಿದ್ದು, ಕತ್ತು ನೆಟ್ಟಗೆ. ಕಳ್ಳನಲ್ಲ, ಕನ್ನಡಕದವನ ತಂದೆ. ಕಳ್ಳನಾಗಿದ್ದರೆ ಎಷ್ಟೋ ವಾಸಿ ಅನ್ನಿಸಿತು ಅವಳಿಗೆ. ಕಳ್ಳನಿಗೆ ತಾನು ಎಲ್ಲಿಗೆ ಹೋಗುತ್ತಿದ್ದೇನೆ ಎಂಬುದಾದರೂ ಗೊತ್ತಿರುತ್ತದೆ.

ಮುದುಕರ ಕೈಗೆ ಮಾತ್ರ ಏನೂ ಮರೆತಿರಲಿಲ್ಲ. ಗೇರು ಬೆಣ್ಣೆಯಲ್ಲಿ ಚಾಕು ಆಡಿಸಿದ ಹಾಗೆ ಬೀಳುತ್ತಿತ್ತು. ಆದರೆ ತಿರುವು ಬಂದಾಗಲೆಲ್ಲ ಅವರು ಕಾರನ್ನು ಎದುರಿನ ಬದಿಗೆ ಅಗಲವಾಗಿ ಎಳೆದು ಆಮೇಲೆ ತಿರುಗಿಸುತ್ತಿದ್ದರು. ಹಿಂದೆ ಮೂವತ್ತಡಿ ಉದ್ದದ ಮೈ ಇದೆ ಎಂಬ ಲೆಕ್ಕದಲ್ಲಿ. ಪ್ರತಿ ತಿರುವಿಗೂ ಎದುರಿನಿಂದ ಹಾರನ್ನುಗಳ ಅರಚಾಟ. ಬಾಕ್ಸು ಜಾರಿ ಅವಳ ಪಕ್ಕೆಯನ್ನು ಅದುಮುತ್ತಿತ್ತು. ತಾನೇ ಮಾಡಿದ ಬಾಕ್ಸು, ಎಷ್ಟು ಭಾರ ಎಂಬುದು ಅವಳಿಗೆ ಗೊತ್ತಿತ್ತು.

ಸ್ವಲ್ಪ ದೂರ ಹೋಗಿ ಕಾರು ಬದಿಗೆ ಸರಿದು ನಿಂತಿತು. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವೆ ಹೊರಗೆ ಜನರ ದನಿ ಕೇಳಿಸಿತು. ಬಸ್ಸು ನಿಲ್ದಾಣ ಇರಬೇಕು. ಯಾರೋ ಒಬ್ಬಳು ಕಿಟಕಿಗೆ ಬಗ್ಗಿ ಏನೋ ಕೇಳಿದಳು. ಮುದುಕರು ತಾಳ್ಮೆಯಿಂದ, ಇದು ಆ ಕಡೆಗೆ ಹೋಗುವುದಿಲ್ಲ, ಹಿಂದಿನದಕ್ಕೆ ಬನ್ನಿ ಅಂದರು. ಇದೇ ಸಮಯ ಎಂದು ಬಾಕ್ಸಕ್ಕ ಎರಡು ಮುಷ್ಟಿಯನ್ನೂ ಕಟ್ಟಿ ಬಾಕ್ಸಿನ ಹಲಗೆಯ ಮೇಲೆ ದಬದಬ ಬಡಿದಳು. ಸ್ಪೀಕರಿಲ್ಲದ ಖಾಲಿ ಬಾಕ್ಸು ನಗಾರಿಯ ಹಾಗೆ ಮೊಳಗಿತು. ಹೊರಗಿನ ಹೆಂಗಸು ಏನದು ಅಂದಳು. ಅಷ್ಟರಲ್ಲಿ ಮುಂದಿನಿಂದ ಮುದುಕರ ದನಿ ಬಂತು.

"ಆಯ್ತು, ರೈಟ್."

ಕಾರು ಹೊರಟಿತು.

ಕತ್ತಲೆಯಲ್ಲಿ ಮಲಗಿದ್ದವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಬಸ್ಸಿನಲ್ಲಿ ಓಡಾಡಿದವರಿಗೆ ಯಾರಿಗೆ ಗೊತ್ತಿಲ್ಲ; ಕಂಡಕ್ಟರು ತಗಡಿಗೆ ಒಂದು ಸಲ ತಟ್ಟಿದರೆ ನಿಲ್ಲಿಸು, ಎರಡು ಸಲ ತಟ್ಟಿದರೆ ಹೊರಡು. ಅವಳು ದಬದಬ ಬಡಿದದ್ದು ಅವರಿಗೆ ಹೊರಡು ಎಂದು ಕೇಳಿಸಿತ್ತು. ನಿಂತಿದ್ದ ಕಾರನ್ನು ತಾನೇ ಬಡಿದು ಓಡಿಸಿದಂತಾಗಿತ್ತು.

ಮುಂದೆ ಫೋನು ರಿಂಗಾಯಿತು. ಗಂಡನದೇ. ಹಾಡು ನಿಂತು ರಿಂಗು ಸ್ಪೀಕರುಗಳಲ್ಲಿ ಕಿವಿ ಕಿತ್ತುಹೋಗುವಂತೆ ಬಾರಿಸಿತು. ಮುದುಕರು ಸುಮ್ಮನೆ ಬೆಲ್ಲು ಒತ್ತಬೇಡಿ ಎಂದು ಗದರಿ, ಯಾವುದೋ ಗುಂಡಿ ತಿರುಗಿಸಿದರು. ಸ್ಟೀರಿಯೋ ಸತ್ತಿತು. ಈಗ ಇಂಜಿನ್ನಿನ ಸದ್ದು, ಚಕ್ರದ ಸದ್ದು, ಅವಳ ಉಸಿರಿನ ಸದ್ದು ಇಷ್ಟೇ. ತೂತಿಗೆ ಬಾಯಿಟ್ಟು ಅವಳು ನಿಲ್ಲಿಸಿ ಎಂದು ಕಿರುಚಿದಳು. ಮುದುಕರು ಬೆಚ್ಚಿಬಿದ್ದರು. ಕಾರು ಎಡಕ್ಕೆ ಎಗರಿ ಬಲಕ್ಕೆ ಎಗರಿತು, ಅವಳ ಹಣೆ ಕಬ್ಬಿಣದ ತೋಳಿಗೆ ಬಡಿಯಿತು, ಪಕ್ಕದಲ್ಲೇ ಒಂದು ಮೋಟರ್‌ ಬೈಕಿನವನು ಬೈದುಕೊಂಡು ಹೋದ. ಅವಳು ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ಇನ್ನು ಕಿರುಚಬಾರದು. ಕಿರುಚಿದರೆ ಇಬ್ಬರೂ ಹೋಗುತ್ತೇವೆ.

ಹಣೆಯಿಂದ ಬಿಸಿಯಾದದ್ದೇನೋ ಕಣ್ಣಿಗೆ ಇಳಿಯಿತು. ಒರೆಸಿಕೊಂಡು, ಮುಷ್ಟಿ ಕಟ್ಟಿ, ಉಸಿರು ಬಿಗಿಹಿಡಿದು, ಬಾಕ್ಸಿನ ಮೇಲೆ ಒಂದೇ ಒಂದು ಏಟು ಹಾಕಿದಳು.

ಕಾರು ನಿಧಾನವಾಯಿತು. ನಿಂತಿತು.

ಅವಳಿಗೆ ಅಳು ಬಂತು. ಅಷ್ಟರಲ್ಲಿ ಹಿಂದಿನಿಂದ ಲಾರಿಯ ಹಾರನ್ನು ಕೇಳಿಸಿತು. ಆ ಹೊತ್ತಿಗೆ ಅವರು ಊರು ಬಿಟ್ಟು ಹೆದ್ದಾರಿ ಹತ್ತಿದ್ದರು. ಮುದುಕರು ಹೇಳಿದ್ದನ್ನು ಹೇಳಿದ ಹಾಗೆ ಮಾಡಿದ್ದರು, ನಿಲ್ಲಿಸು ಅಂದಲ್ಲಿ ನಿಲ್ಲಿಸಿದ್ದರು, ನಟ್ಟನಡುವೆ. ಹಾರನ್ನು ಹತ್ತಿರವಾಯಿತು, ದಪ್ಪವಾಯಿತು. ಕಾರಿನ ಹಿಂದಿನ ಗೂಡಿಗೂ ನಾವು ಡಿಕ್ಕಿ ಅನ್ನುತ್ತೇವೆ, ಗಾಡಿಗೆ ಗಾಡಿ ಗುದ್ದಿದರೂ ಡಿಕ್ಕಿ ಅನ್ನುತ್ತೇವೆ. ಒಂದರೊಳಗೆ ಮಲಗಿ ಇನ್ನೊಂದಕ್ಕೆ ಕಾಯುವ ಗತಿ ಯಾರಿಗೂ ಬೇಡ. ಅವಳ ಬೆನ್ನಿಗೂ ಬರುತ್ತಿರುವ ಲಾರಿಗೂ ನಡುವೆ ಇದ್ದದ್ದು ಒಂದು ತಗಡಿನ ಬಾಗಿಲು ಮಾತ್ರ. ಬ್ರೇಕು ಕಿರುಗುಟ್ಟಿತು. ಸುಟ್ಟ ರಬ್ಬರಿನ ವಾಸನೆ ಒಳಗೆ ಬಂತು. ಲಾರಿ ಪಕ್ಕಕ್ಕೆ ಹೊರಳಿ, ಕಾರನ್ನೇ ಅಲುಗಿಸಿ ಹಾದುಹೋಯಿತು. ಅದರ ಹಿಂದೆ ಇನ್ನೊಂದು ಹಾರನ್ನು.

ಅವಳು ಎರಡು ಸಲ ಬಡಿದಳು. ಹೋಗಲಿ, ಎಲ್ಲಿಗಾದರೂ ಹೋಗಲಿ, ಇಲ್ಲಿ ಮಾತ್ರ ಬೇಡ. ಕಾರು ಹೊರಟಿತು. ಡಿಕ್ಕಿಯಿಂದ ಪಾರಾಗಬೇಕು ಎಂದು ಒದ್ದಾಡುತ್ತಿದ್ದವಳು ಬೇಗ ಓಡಿಸಿ ಎಂದು ಬೇಡಿಕೊಳ್ಳುವ ಹಾಗಾಯಿತು.

ಬೆವರಿಗೆ ಬಟ್ಟೆಯೆಲ್ಲ ಮೈಗೆ ಅಂಟಿತ್ತು. ಗೋಂದಿನ ವಾಸನೆಗೆ ತಲೆ ಗಿರ್‌ ಅನ್ನುತ್ತಿತ್ತು. ತೂತಿನ ಹತ್ತಿರ ಮೂಗು ತಂದು ನಾಲ್ಕು ಸಲ ಉಸಿರೆಳೆದುಕೊಂಡಳು. ಆಮೇಲೆ ತನ್ನ ದನಿಯನ್ನು ಎಲ್ಲಿಂದಲೋ ಹುಡುಕಿ ತಂದಳು. ದಿನಕ್ಕೆ ನೂರು ಸಲ ಹೇಳಿ ಹೇಳಿ ಬೇಸತ್ತ ಕಂಡಕ್ಟರಿಗೆ ಇರುತ್ತದಲ್ಲ, ಅಂಥ ದನಿ.

"ಡ್ರೈವರಣ್ಣ, ಹಿಂದೆ ಒಬ್ಬರಿಗೆ ಹುಷಾರಿಲ್ಲ. ಮುಂದೆ ಎಡಕ್ಕೆ ತಗೊಳ್ಳಿ. ರಸ್ತೆ ಇಳಿಸಿ ನಿಲ್ಲಿಸ್ಬೇಕು."

ಹಿಂದಲೆ ಸ್ವಲ್ಪ ಅಲುಗಿತು. ಕಾರು ಎಗರಲಿಲ್ಲ.

"ಹೊಸಬಳಾ ನೀನು?" ಎಂದರು ಮುದುಕರು, ತಿರುಗಿ ನೋಡದೆ. ಡ್ರೈವರು ತಿರುಗಿ ನೋಡಬಾರದು.

ಹೌದಣ್ಣ, ಹೊಸಬಳು ಅಂದಳು. ಹಾಗಾದರೆ ತಿಳಕೋ, ಇಲ್ಲಿ ಸ್ಟಾಪಿಲ್ಲ, ಡಿಪೋದಲ್ಲೇ ನಿಲ್ಲುವುದು ಅಂದರು. ಡಿಪೋ ಎಷ್ಟು ದೂರ ಎಂದು ಅವಳು ಕೇಳಿದಳು. ಅವರು ಬಹಳ ಹೊತ್ತು ಸುಮ್ಮನಿದ್ದು, ಡಿಪೋ ಎಂದು ಒಮ್ಮೆ ತಮಗೆ ತಾವೇ ಅಂದುಕೊಂಡರು, ಕೈಯಲ್ಲಿದ್ದ ವಸ್ತುವನ್ನು ಎಲ್ಲೋ ಇಟ್ಟು ಮರೆತವರ ಹಾಗೆ. ಕಾರಿನ ವೇಗ ಏರಿತು, ಇಳಿಯಿತು, ಮತ್ತೆ ಏರಿತು. ದಾರಿ ಗುರುತಿಲ್ಲ ಎಂಬುದು ಅವರ ಕಾಲಿಗೂ ತಿಳಿದುಹೋಗಿತ್ತು. ಅವಳಿಗೆ ಈ ಮೌನ ಲಾರಿಗಿಂತ ಹೆಚ್ಚು ಭಯ ತಂದಿತು. ಅವರು ತಾವು ಯಾರೆಂಬುದನ್ನೇ ಮರೆತರೆ, ಚಕ್ರ ಹಿಡಿದ ಕೈಯೂ ಮರೆತುಬಿಟ್ಟರೆ ಏನು ಗತಿ? ಮಾತು ನಿಲ್ಲಬಾರದು ಎಂದುಕೊಂಡಳು. ಎಷ್ಟು ವರ್ಷದ ಸರ್ವೀಸು, ಯಾವ ಗಾಡಿ ಚೆನ್ನಾಗಿತ್ತು, ಮಳೆಯಲ್ಲಿ ಕಷ್ಟವೋ ಮಂಜಲ್ಲಿ ಕಷ್ಟವೋ ಎಂದು ಬಾಯಿಗೆ ಬಂದದ್ದನ್ನೆಲ್ಲ ಕೇಳಿದಳು. ಅವರು ಒಂದೊಂದಕ್ಕೆ ಉತ್ತರ ಹೇಳಿದರು. ಮಂಜು ಮೇಲು, ಎಲ್ಲರೂ ನಿಧಾನ ಹೋಗುತ್ತಾರೆ ಅಂದರು. ಒಂದು ಅಪಘಾತವಿಲ್ಲ, ಒಂದು ನಾಯಿಯನ್ನೂ ತುಳಿದಿಲ್ಲ ಅಂದರು. ಮಾತಾಡುವಾಗ ವೇಗ ಒಂದೇ ಸಮ ಇರುತ್ತಿತ್ತು.

ಕೊನೆಗೆ ಅವರಾಗಿಯೇ, ಅಗೋ ಬಂತಲ್ಲ ಎಂದರು. ಕಾರು ಹೆದ್ದಾರಿ ಇಳಿದು ಜಲ್ಲಿಯ ಮೇಲೆ ಕರಕರ ಓಡಿ, ಅಗಲವಾಗಿ ಒಂದು ಸುತ್ತು ಹಾಕಿ ನಿಂತಿತು. ಇಂಜಿನ್ನು ಆರಿತು. ಅವಳು ತೂತಿನಿಂದ ನೋಡಿದರೆ ಮುಂದಿನ ಗಾಜಿನಾಚೆ ಉದ್ದನೆಯ ತಗಡಿನ ಗೋದಾಮು, ಬೀಗ ಹಾಕಿದ ಕಬ್ಬಿಣದ ಗೇಟು, ಮಧ್ಯಾಹ್ನದ ಬಿಸಿಲು. ಒಂದು ನರಪಿಳ್ಳೆಯೂ ಇರಲಿಲ್ಲ. ಆ ಗೇಟಿನಲ್ಲಿ ಪಾಪ ಅವರಿಗೆ ಡಿಪೋ ಕಂಡಿರಬೇಕು.

ಮುದುಕರು ಕಿಟಕಿಯ ಗಾಜು ಏರಿಸಿದರು, ಕೀಲಿ ಕಿತ್ತುಕೊಂಡರು, ಇಳಿದರು, ಬಾಗಿಲು ಮುಚ್ಚಿದರು. ಜಲ್ಲಿಯ ಮೇಲೆ ಹೆಜ್ಜೆ ಸದ್ದು ಶುರುವಾಯಿತು. ಕಾರಿನ ಕಡೆಗಲ್ಲ, ಕಾರಿನಿಂದ ಆಚೆಗೆ. ಡ್ಯೂಟಿ ಮುಗಿಸಿದ ಡ್ರೈವರು ಕೀಲಿಯನ್ನು ಆಫೀಸಿಗೆ ಒಪ್ಪಿಸಿ ಮನೆಗೆ ಹೋಗುತ್ತಾನೆ. ಕಿಟಕಿಗಳು ಮುಚ್ಚಿದ್ದವು. ಬಿಸಿಲಿಗೆ ನಿಂತ ಕಾರು ಎಷ್ಟು ಬೇಗ ಕಾಯುತ್ತದೆ ಎಂದು ಈ ಕಸುಬಿನಲ್ಲಿ ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಬೇಸಿಗೆಯಲ್ಲಿ ಗೋಂದು ಕುದಿಯುವುದನ್ನು ಕಣ್ಣಾರೆ ನೋಡಿದ್ದಳು. ಮುದುಕರು ಹತ್ತು ಹೆಜ್ಜೆ ಹೋದರೆ ಕಾರನ್ನು ಮರೆಯುತ್ತಾರೆ. ಇಪ್ಪತ್ತು ಹೆಜ್ಜೆ ಹೋದರೆ ಕೈಯಲ್ಲಿರುವ ಕೀಲಿ ಯಾತರದು ಎಂಬುದನ್ನೂ ಮರೆಯುತ್ತಾರೆ. ಅವರು ಏನನ್ನು ಮರೆಯುವುದಿಲ್ಲ? ಅವಳು ಹುಚ್ಚು ಹಿಡಿದವಳಂತೆ ಯೋಚಿಸಿದಳು. ಹೆಜ್ಜೆ ಎಣಿಸುತ್ತಿದ್ದಳು. ಆರು. ಏಳು.

"ಡ್ರೈವರಣ್ಣ," ಎಂದು ಕೂಗಿದಳು, "ಲಗೇಜು ಇಳಿಸೋದು ಮರ್ತೇ ಹೋಯ್ತು. ಡಿಕ್ಕಿ ತೆಗೀರಿ. ಪ್ಯಾಸೆಂಜರು ಕಾಯ್ತಿದ್ದಾರೆ."

ಹೆಜ್ಜೆ ನಿಂತಿತು.

ಜಲ್ಲಿ ಮತ್ತೆ ಕರಕರ ಅಂದಿತು. ಮರೆತರೆ ಹೇಗೆ, ಜನರ ಸಾಮಾನು ಎಂದು ಗೊಣಗುತ್ತ ಬಂದರು. ಕೀಲಿ ಬೀಗದ ಸುತ್ತ ಗೀರಿತು, ಜಾರಿತು, ಮತ್ತೆ ಗೀರಿತು. ಬೆಳಕು ಒಮ್ಮೆಗೇ ಕಣ್ಣಿಗೆ ನುಗ್ಗಿತು.

ಅವಳು ಬಾಗಿಲ ಅಂಚು ಹಿಡಿದು ಹೊರಗೆ ಉರುಳಿದಳು. ಜಲ್ಲಿಯ ಮೇಲೆ ಮಂಡಿಯೂರಿ, ಬಾಯಿ ತೆರೆದು ಗಾಳಿ ಕುಡಿದಳು. ಮೊದಲು ಮಾಡಿದ್ದು ಮುದುಕರ ಕೈಯಿಂದ ಕೀಲಿ ಕಸಿದುಕೊಂಡದ್ದು. ಕಸಿದುಕೊಂಡ ರಭಸಕ್ಕೆ ಅವರು ಎರಡು ಹೆಜ್ಜೆ ಹಿಂದೆ ಸರಿದರು. ಬಯ್ಯಬೇಕು ಎಂದು ಬಾಯಿ ತೆರೆದವಳು ಅವರ ಮುಖ ನೋಡಿದಳು. ಅವರು ಅವಳ ಹಣೆಯ ರಕ್ತ ನೋಡುತ್ತಿದ್ದರು, ಗೋದಾಮು ನೋಡುತ್ತಿದ್ದರು, ಖಾಲಿ ಬಯಲನ್ನು ನೋಡುತ್ತಿದ್ದರು.

"ಇದು ಯಾವ ಊರಮ್ಮ?" ಎಂದರು. "ನಾನೇನಾದ್ರೂ ಮಾಡಿಬಿಟ್ನಾ?"

ಏನೂ ಮಾಡಿಲ್ಲ ಎಂದಳು. ಕಾರಿನ ನೆರಳಲ್ಲಿ ಅವರನ್ನು ಕೂರಿಸಿ, ತಾನೂ ಪಕ್ಕಕ್ಕೆ ಕೂತಳು. ಅವರು ಅವಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರು. ಆ ಹಿಡಿತ ಅವಳಿಗೆ ಗುರುತು ಸಿಕ್ಕಿತು. ಸ್ವಲ್ಪ ಹೊತ್ತಿನ ಮುಂಚೆ ತಾನೂ ಬಾಕ್ಸಿನ ಅಂಚನ್ನು ಹೀಗೆಯೇ ಹಿಡಿದಿದ್ದಳು. ಇನ್ನೊಂದು ಕೈಯಿಂದ ಮುಂದಿನ ಬಾಗಿಲು ತೆರೆದು ಸೀಟಿನಲ್ಲಿದ್ದ ಫೋನು ಎಳೆದುಕೊಂಡಳು. ಗಂಡನ ಇಪ್ಪತ್ತಮೂರು ಕರೆಗಳಿದ್ದವು. ಅವನಿಗೆ ಫೋನು ಮಾಡಿದಾಗ ಹೆದ್ದಾರಿ ಪಕ್ಕದ ತಗಡಿನ ಗೋದಾಮು, ನೀಲಿ ಗೇಟು ಎಂದಷ್ಟೇ ಹೇಳಲು ಬಂತು. ಆಚೆಯಿಂದ ಗಂಡ ಸ್ಕೂಟರು ಒದೆಯುವ ಸದ್ದು ಬಂತು.

ಸ್ಕೂಟರಿನಲ್ಲಿ ಗಂಡ, ಕನ್ನಡಕದವನು ಇಬ್ಬರೂ ಬಂದರು. ಹಿಡಿದುಕೊಂಡ ಸೊಂಟವನ್ನು ಲೆಕ್ಕಿಸದೆ ಗಂಡ ಓಡಿಬಂದು ಅವಳ ಮುಂದೆ ಕುಕ್ಕರಿಸಿದ, ಹಣೆಗೆ ಕರವಸ್ತ್ರ ಒತ್ತಿ ಹಿಡಿದ, ಆಮೇಲೆ ಏಳಲಾಗದೆ ಅಲ್ಲೇ ಕೂತುಬಿಟ್ಟ. ಕನ್ನಡಕದವನು ತಂದೆಯ ಮುಂದೆ ನಿಂತು ಅತ್ತ. ಕೀಲಿ ಬಿಟ್ಟು ಹೋದದ್ದು ತನ್ನ ತಪ್ಪು ಅಂದ. ಪೆನ್ಸಿಲ್ಲಿಗೆ ಹೋದದ್ದು ತನ್ನ ತಪ್ಪು ಎಂದು ಗಂಡ ಅಂದ. ಇಬ್ಬರೂ ತಪ್ಪಿಗಾಗಿ ಜಗಳಕ್ಕೆ ಬಿದ್ದವರಂತೆ ಮಾತಾಡುವುದನ್ನು ಕೇಳಿ ಅವಳಿಗೆ ನಗು ಬಂತು. ನಗು ಶುರುವಾದದ್ದು ನಿಲ್ಲಲಿಲ್ಲ, ಅದು ಯಾವಾಗ ಅಳುವಾಯಿತೋ ಅವಳಿಗೆ ತಿಳಿಯಲಿಲ್ಲ.

ಆ ಬಾಕ್ಸು ಬೇಡ ಎಂದು ಕನ್ನಡಕದವನು ಎರಡು ಸಲ ಹೇಳಿದ. ಅವಳು ಕೇಳಲಿಲ್ಲ. ಒಂದು ವಾರ ಬಿಟ್ಟು ಕಾರು ತರಿಸಿದಳು. ಬಂದ ಕೂಡಲೇ ಕೀಲಿ ತೆಗೆದು ತನ್ನ ಜೇಬಿಗೆ ಹಾಕಿಕೊಂಡಳು. ಬಾಕ್ಸಿನ ಬಲಮೂಲೆಯ ಮೇಲೆ ಒಂದು ಮುದ್ದೆ ಮೇಣ ಮೆತ್ತಿ, ಡಿಕ್ಕಿಯನ್ನು ನಿಧಾನವಾಗಿ ಇಳಿಸಿ ಎತ್ತುವಂತೆ ಗಂಡನಿಗೆ ಹೇಳಿದಳು. ಕಬ್ಬಿಣದ ತೋಳು ಒತ್ತಿದ ಗುರುತು ಮೇಣದಲ್ಲಿ ಅಚ್ಚುಕಟ್ಟಾಗಿ ಮೂಡಿತ್ತು. ಇಷ್ಟು ವರ್ಷ ಈ ಬುದ್ಧಿ ಎಲ್ಲಿ ಹೋಗಿತ್ತು ಎಂದ ಗಂಡ. ನಿನ್ನ ಸೊಂಟ ಗಟ್ಟಿ ಇತ್ತಲ್ಲ ಅಂದಳು. ಮೂಲೆಯನ್ನು ಓರೆಯಾಗಿ ಕುಯ್ದು, ಒಳಗಿನ ಗಾಳಿಯ ಜಾಗ ಕಮ್ಮಿಯಾದಷ್ಟನ್ನು ಎಡಬದಿಯಲ್ಲಿ ಹೆಚ್ಚಿಸಿ, ಹಲಗೆ ಮುಚ್ಚಿ, ಸ್ಪೀಕರು ಕೂರಿಸಿದಳು.

ಮುದುಕರನ್ನು ಹಿಂದಿನ ಸೀಟಿಗೆ ಕೂರಿಸಿ ಹಾಡು ಹಾಕಿದರು. ನೆಲದಿಂದ ಎದ್ದ ಹಾಗೆ ಆ ದಪ್ಪ ದನಿ ಬಂತು. ಅವರು ಬೆನ್ನನ್ನು ಸೀಟಿಗೆ ಒರಗಿಸಿ, ಕೈಗಳನ್ನು ತೊಡೆಯ ಮೇಲಿಟ್ಟು, ಎರಡನೇ ಹಾಡು ಮುಗಿಯುವುದರೊಳಗೆ ನಿದ್ದೆ ಹೋದರು. ಅವಳನ್ನು ಅವರು ಗುರುತು ಹಿಡಿಯಲಿಲ್ಲ. ಮಗ ಕೈಮುಗಿದು ಕಾರು ತೆಗೆದುಕೊಂಡು ಹೋದ.

ಕಾರು ಹೊರಡುವ ಮುಂಚೆ ಡಿಕ್ಕಿಯನ್ನು ಮುಚ್ಚಿದ್ದು ಗಂಡನೇ. ಅವಳು ಮುಚ್ಚಲು ಹೋಗಿ ಕೈ ಅರ್ಧಕ್ಕೆ ಹಿಂತೆಗೆದಿದ್ದಳು. ಆಮೇಲೆ ತಿಂಗಳುಗಟ್ಟಲೆ ಹಾಗೆಯೇ ನಡೆಯಿತು. ಹೊರಗೆ ಯಾರಾದರೂ ಡಿಕ್ಕಿ ಧಡ್ ಎಂದು ಮುಚ್ಚಿದರೆ ಅವಳ ಗರಗಸ ಹಲಗೆಯ ನಡುವೆ ನಿಂತುಬಿಡುತ್ತಿತ್ತು. ಗಂಡ ಎದ್ದು ಹೋಗಿ ಅಂಗಡಿಯ ಎರಡೂ ಬಾಗಿಲನ್ನು ಇನ್ನಷ್ಟು ಅಗಲಕ್ಕೆ ತಳ್ಳಿ ಬರುತ್ತಿದ್ದ. ಅವಳು ಗಾಳಿ ಬರುವುದನ್ನು ಕಾದು, ಮತ್ತೆ ಕುಯ್ಯಲು ತೊಡಗುತ್ತಿದ್ದಳು.